ಬಂಡವಾಳ ಬಯಲಾಗುತ್ತೆ ಅನ್ನುವ ಭಯ: ಪಾರ್ಟ್‌ನರ್ ಆಗಲು ಹಿಂಜರಿಯುತ್ತಿರುವ ಸಿಎ ಒಬ್ಬರಿಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಹುಬ್ಬಳ್ಳಿಯಲ್ಲಿ ಬಿಕಾಂ ಮುಗಿಸಿ ಸಿಎ ಹಿಡಿದೆ. ಫೈನಲ್ ಪಾಸಾಗಲು ನಾಲ್ಕು ಅಟೆಂಪ್ಟ್ ಬೇಕಾಯಿತು. ಎಂಟು ವರ್ಷದಿಂದ ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಆಡಿಟ್ ಫರ್ಮ್‌ನಲ್ಲಿ ಇದ್ದೇನೆ. ಹೋದ ತಿಂಗಳು ನಮ್ಮ ಸೀನಿಯರ್ ಪಾರ್ಟ್‌ನರ್ ಕರೆದು, 'ಏಪ್ರಿಲ್‌ನಿಂದ ನೀನೂ ಪಾರ್ಟ್‌ನರ್ ಆಗು' ಅಂದರು. ಊರಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ನಿಜ ಹೇಳಬೇಕೆಂದರೆ ಅವರು ಅಂದುಕೊಂಡಷ್ಟು ನನಗೆ ಗೊತ್ತಿಲ್ಲ. ಪ್ರತಿ ಫೈಲನ್ನೂ ಮೂರು ಸಲ ನೋಡುತ್ತೇನೆ. ಜೂನಿಯರ್‌ಗಳು ಮಾಡಿದ್ದನ್ನು ರಾತ್ರಿ ಒಂದು ಗಂಟೆವರೆಗೆ ಕೂತು ಮತ್ತೆ ಮಾಡುತ್ತೇನೆ. ಕ್ಲೈಂಟ್ ಮೀಟಿಂಗ್‌ನಲ್ಲಿ ಪಟಪಟ ಇಂಗ್ಲಿಷ್ ಮಾತಾಡುವವರ ಎದುರು ಬಾಯಿ ಕಟ್ಟುತ್ತೆ. ಇಂಡ್ ಎಎಸ್, ಅಂದರೆ ಭಾರತೀಯ ಲೆಕ್ಕಪತ್ರ ಮಾನದಂಡಗಳಲ್ಲಿ, ಫೈನಾನ್ಷಿಯಲ್ ಇನ್‌ಸ್ಟ್ರುಮೆಂಟ್ಸ್ (ಸಾಲ, ಷೇರಿನಂಥವು) ಭಾಗ ನನಗೆ ಗಟ್ಟಿ ಇಲ್ಲ. ಇಲ್ಲಿವರೆಗೆ ಬಂದದ್ದು ಅದೃಷ್ಟ, ಮತ್ತೆ ಸೀನಿಯರ್‌ಗೆ ನನ್ನ ಮೇಲಿರುವ ಪ್ರೀತಿ. ಸಹಿ ಹಾಕುವ ಜಾಗಕ್ಕೆ ಹೋದರೆ ನನ್ನ ಬಂಡವಾಳ ಬಯಲಾಗುತ್ತೆ. ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರ ಬಗ್ಗೆ 'ದೊಡ್ಡಾಂವ ಶಾಣ್ಯಾ, ಸಣ್ಣಾಂವ ದುಡ್ಯಾಕ ಗಟ್ಟಿ' ಅಂತಿದ್ದಳು. ಅದೇ ನಿಜ ಅನ್ನಿಸುತ್ತೆ. ಗೆಳೆಯನೊಬ್ಬ ಇದು ಇಂಪೋಸ್ಟರ್ ಸಿಂಡ್ರೋಮ್, ಅಂದರೆ ಯೋಗ್ಯತೆ ಇದ್ದೂ 'ನಾನು ನಕಲಿ' ಅನ್ನಿಸುವುದು ಅಂದ. ಇದು ಕಾಯಿಲೆಯಾ? ಬೇಡ ಅಂತ ಹೇಳಿ ಹಾವೇರಿಗೆ ಹೋಗಿ ಟ್ಯಾಕ್ಸ್ ಪ್ರಾಕ್ಟೀಸ್ ಮಾಡಿಕೊಂಡಿರಲಾ? ಹೆಂಡತಿಗೂ ಇದನ್ನೆಲ್ಲ ಹೇಳಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಬೇರೆ ಬೇರೆ ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. 'ನಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ' ಅನ್ನುವುದು ಒಂದು. 'ನನಗೆ ಕೆಲವು ವಿಷಯ ನಿಜಕ್ಕೂ ಗೊತ್ತಿಲ್ಲ' ಅನ್ನುವುದು ಎರಡನೆಯದು. 'ಸಹಿ ಹಾಕಿದ ಮೇಲೆ ಏನಾದರೂ ಆದರೆ?' ಅನ್ನುವುದು ಮೂರನೆಯದು. ನಿಮ್ಮ ಗೆಳೆಯರು ಮೂರಕ್ಕೂ ಸೇರಿಸಿ ಒಂದೇ ಹೆಸರಿಟ್ಟರು. ನನ್ನ ಬಳಿ ಬರುವ ಡಾಕ್ಟರ್‌ಗಳು, ಎಂಜಿನಿಯರ್‌ಗಳು, ಲೆಕ್ಚರರ್‌ಗಳು ಈಚೆಗೆ ಹೀಗೆ ಹೆಸರು ಹಚ್ಚಿಕೊಂಡೇ ಬರುತ್ತಾರೆ. ಇದರಲ್ಲಿ ಒಂದು ಅಪಾಯ ಇದೆ. ಎಲ್ಲ ಅಳುಕನ್ನೂ ಇಂಪೋಸ್ಟರ್ ಸಿಂಡ್ರೋಮ್ ಅಂತ ತಳ್ಳಿಹಾಕಿದರೆ, ಅದರೊಳಗೆ ಇರುವ ನ್ಯಾಯವಾದ ಎಚ್ಚರಿಕೆಯೂ ಜೊತೆಗೇ ಹೋಗಿಬಿಡುತ್ತೆ. ಹಾಗಾಗಿ ಮೊದಲು ಈ ಮೂರನ್ನು ಬಿಡಿಸಿಕೊಳ್ಳೋಣ.

ಕಾಯಿಲೆಯಾ ಅಂತ ಕೇಳಿದ್ದೀರಿ. ಅಲ್ಲ. ಮನೋರೋಗಗಳನ್ನು ಗುರುತಿಸಲು ನಾವು ಬಳಸುವ ಡಿಎಸ್‌ಎಂನಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿಯಲ್ಲಾಗಲಿ ಇದು ಇಲ್ಲ. 1978ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಮೊದಲು ವಿವರಿಸಿದರು. ಅವರ ಮುಂದೆ ಕೂತವರು ಪಿಎಚ್‌ಡಿ ಮಾಡಿದವರು, ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರು, ಚೆನ್ನಾಗಿ ಓದುವ ವಿದ್ಯಾರ್ಥಿನಿಯರು. ಅಂಕ, ಪದವಿ, ಗೌರವ ಎಲ್ಲ ಇದ್ದೂ 'ಯಾರೋ ತಪ್ಪು ತಿಳಿದು ನನ್ನನ್ನು ಇಲ್ಲಿ ಸೇರಿಸಿಕೊಂಡಿದ್ದಾರೆ' ಅಂತ ನಂಬಿದ್ದರು.

ಆ ಅಧ್ಯಯನದಲ್ಲಿ ಇದ್ದವರೆಲ್ಲ ಹೆಂಗಸರು. ಇದು ಹೆಂಗಸರಿಗಷ್ಟೇ ಬರುತ್ತೆ ಅನ್ನುವ ಮಾತು ಹಬ್ಬಿದ್ದು ಅಲ್ಲಿಂದ. ಆಮೇಲಿನ ಅಧ್ಯಯನಗಳು ಗಂಡಸರಲ್ಲೂ ಇದನ್ನು ಸಾಕಷ್ಟು ಕಂಡಿವೆ. ಗಂಡಸರು ಬಾಯಿ ಬಿಡುವುದು ಕಡಿಮೆ, ಅಷ್ಟೇ. ಇನ್ನು 'ನೂರರಲ್ಲಿ ಇಷ್ಟು ಜನಕ್ಕೆ ಇದೆ' ಅನ್ನುವ ಅಂಕಿಗಳನ್ನು ಜಾಸ್ತಿ ನಂಬಬೇಡಿ. 2020ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಯಾವ ಪ್ರಶ್ನಾವಳಿ ಬಳಸಿದರು, ಗೆರೆ ಎಲ್ಲಿ ಎಳೆದರು ಅನ್ನುವುದರ ಮೇಲೆ ಶೇಕಡಾ 9ರಿಂದ 82ರವರೆಗೆ ಅಂಕಿ ಬದಲಾಗಿತ್ತು. ನಿಮ್ಮ ಆಫೀಸಿನಲ್ಲಿ ಇದು ನಿಮ್ಮೊಬ್ಬರಿಗೇ ಇರಲಾರದು ಅನ್ನುವಷ್ಟು ಮಾತ್ರ ಖಂಡಿತ.

ಇನ್ನೊಂದು ನಂಬಿಕೆ, 'ಮೇಲೆ ಹೋದಂತೆ ತಾನಾಗಿ ಸರಿಹೋಗುತ್ತೆ' ಅನ್ನುವುದು. ನಾನು ಕಂಡದ್ದು ಬಹಳ ಸಲ ಇದರ ಉಲ್ಟಾ. ಮೇಲಿನ ಕುರ್ಚಿ ಸಿಕ್ಕರೆ ಮನಸ್ಸು 'ಈಗ ಬೀಳುವ ಎತ್ತರವೂ ಜಾಸ್ತಿಯಾಯಿತು' ಅಂತ ಲೆಕ್ಕ ಹಾಕುತ್ತೆ. ಯಾಕೆ ಹೀಗೆ ಅಂತ ಹೇಳಲು ನಿಮ್ಮ ಪತ್ರದ ಒಂದು ಸಾಲೇ ಸಾಕು: ಪ್ರತಿ ಫೈಲನ್ನೂ ಮೂರು ಸಲ ನೋಡುತ್ತೇನೆ.

ಒಂದು ಫೈಲ್ ನಿಮ್ಮ ಟೇಬಲ್‌ಗೆ ಬರುತ್ತೆ. ಅಳುಕು ಶುರುವಾಗುತ್ತೆ. ಅಳುಕು ತಡೆಯಲು ಮೂರು ಸಲ ನೋಡುತ್ತೀರಿ. ಕೆಲಸ ಚೆನ್ನಾಗಿ ಮುಗಿಯುತ್ತೆ. ಆಗ ನಿಮ್ಮ ಮನಸ್ಸು 'ನನಗೆ ಕೆಲಸ ಗೊತ್ತು' ಅಂತ ಹೇಳಬೇಕಿತ್ತು ಅಲ್ವಾ? ಹೇಳುವುದಿಲ್ಲ. 'ಮೂರು ಸಲ ನೋಡಿದ್ದಕ್ಕೆ ಬಚಾವಾದೆ' ಅನ್ನುತ್ತೆ. ಮುಂದಿನ ಫೈಲ್‌ಗೆ ಅದೇ ಅಳುಕು, ಅದೇ ಮೂರು ಸಲ. ಎಂಟು ವರ್ಷದ ಒಳ್ಳೆಯ ಕೆಲಸ ನಿಮ್ಮ ಹೆಸರಿನ ಖಾತೆಗೆ ಜಮೆ ಆಗಲೇ ಇಲ್ಲ. ಕೆಲವರಲ್ಲಿ ಇದೇ ಸುತ್ತು ಬೇರೆ ರೀತಿ ನಡೆಯುತ್ತೆ. ಅವರು ಹೆದರಿ ಕೆಲಸ ಮುಂದೂಡುತ್ತಾರೆ, ಕೊನೆ ಗಳಿಗೆಯಲ್ಲಿ ಒದ್ದಾಡಿ ಮುಗಿಸುತ್ತಾರೆ, ಆಮೇಲೆ ಅದೃಷ್ಟಕ್ಕೆ ಕ್ರೆಡಿಟ್ ಕೊಡುತ್ತಾರೆ. ಎರಡೂ ದಾರಿಯಲ್ಲಿ ಕೊನೆಗೆ ಉಳಿಯುವುದು ಒಂದೇ ನಂಬಿಕೆ.

ಈ ಭಯ ಇದ್ದರೇನೇ ಚೆನ್ನಾಗಿ ದುಡಿಯುತ್ತೇವೆ ಅನ್ನುವವರೂ ಇದ್ದಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಸಂಶಯ ಇರುವವರು ಎಚ್ಚರ ಇರುತ್ತಾರೆ, ಎದುರಿನವರ ಮಾತು ಕೇಳಿಸಿಕೊಳ್ಳುತ್ತಾರೆ. ಆದರೆ ಜೂನಿಯರ್‌ಗಳ ಕೆಲಸವನ್ನು ರಾತ್ರಿ ಕೂತು ಮತ್ತೆ ಮಾಡುವುದು ಎಚ್ಚರಿಕೆಯ ಗೆರೆ ದಾಟಿದೆ. ನಿಮ್ಮ ಆರೋಗ್ಯ ಹೋಗುತ್ತೆ, ಆ ಹುಡುಗ ಹುಡುಗಿಯರೂ ಕಲಿಯುವುದಿಲ್ಲ. ಪಾರ್ಟ್‌ನರ್ ಆದರೆ ಫೈಲ್‌ಗಳು ಜಾಸ್ತಿ ಆಗುತ್ತವೆ, ರಾತ್ರಿ ಅಷ್ಟೇ ಇರುತ್ತೆ. ಈಗಿನ ರೀತಿಯಲ್ಲೇ ಅಲ್ಲಿ ನಡೆಸಲು ಆಗುವುದಿಲ್ಲ ಅಂತ ನಿಮಗೂ ಒಳಗೊಳಗೇ ಗೊತ್ತು. ನಿದ್ದೆ ಹೋಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತೆ.

ಈಗ ಅವ್ವನ ಮಾತಿಗೆ ಬರುತ್ತೇನೆ. ಕ್ಲಾನ್ಸ್ ಮತ್ತು ಐಮ್ಸ್ ತಮ್ಮ ಮೊದಲ ಲೇಖನದಲ್ಲೇ ಎರಡು ಬಗೆಯ ಮನೆಗಳನ್ನು ವಿವರಿಸಿದ್ದರು. ಒಂದು ಮನೆಯಲ್ಲಿ ಇನ್ನೊಂದು ಮಗುವಿಗೆ 'ಬುದ್ಧಿವಂತ' ಅನ್ನುವ ಪಟ್ಟ ಮೊದಲೇ ಸಿಕ್ಕಿರುತ್ತೆ. ಈ ಮಗು ಏನು ಸಾಧಿಸಿದರೂ ಆ ಪಟ್ಟ ಬದಲಾಗುವುದಿಲ್ಲ. ಇನ್ನೊಂದು ಮನೆಯಲ್ಲಿ ಮಗುವನ್ನು 'ನಿನಗೆ ಎಲ್ಲ ಸುಲಭ' ಅಂತ ಹೊಗಳಿ ಬೆಳೆಸಿರುತ್ತಾರೆ. ಮೊದಲ ಸಲ ಕಷ್ಟ ಎದುರಾದಾಗ ಆ ಮಗು 'ಹಾಗಾದರೆ ನಾನು ಬುದ್ಧಿವಂತ ಅಲ್ಲ' ಅಂದುಕೊಳ್ಳುತ್ತೆ. ನಿಮ್ಮದು ಮೊದಲನೆಯದು. ನಿಮ್ಮ ಅವ್ವ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೊಲದ ಮನೆಯಲ್ಲಿ 'ದುಡ್ಯಾಕ ಗಟ್ಟಿ' ಅನ್ನುವುದು ದೊಡ್ಡ ಹೊಗಳಿಕೆ. ಆದರೆ ನೀವು ಅದನ್ನು 'ದುಡಿತ ಇರುವವನಿಗೆ ಬುದ್ಧಿ ಇರುವುದಿಲ್ಲ' ಅಂತ ಓದಿಕೊಂಡಿರಿ. ಹಾಗಾಗಿ ನಾಲ್ಕು ಅಟೆಂಪ್ಟ್ ನಿಮಗೆ ದಡ್ಡತನದ ಗುರುತಾಗಿ ಕಾಣುತ್ತಿದೆ. ಸಿಎ ಫೈನಲ್‌ನಲ್ಲಿ ಪ್ರತಿ ಪೇಪರ್‌ಗೆ ಕನಿಷ್ಠ 40, ಗ್ರೂಪ್‌ನ ಒಟ್ಟು ಸೇರಿ ಶೇಕಡಾ 50 ಬರಲೇಬೇಕು. ಪಾಸಾಗುವವರಿಗಿಂತ ಫೇಲಾಗುವವರೇ ಜಾಸ್ತಿ. ಉತ್ತರ ಪತ್ರಿಕೆ ತಿದ್ದುವವರಿಗೆ ನಿಮ್ಮ ಊರು, ಭಾಷೆ, ಸೀನಿಯರ್ ಯಾರು ಅನ್ನುವುದು ಗೊತ್ತಿರುವುದಿಲ್ಲ. ಅಲ್ಲಿ ಯಾರ ಪ್ರೀತಿಯೂ ಕೆಲಸ ಮಾಡಿಲ್ಲ.

ಎಲ್ಲ ಕಾರಣವೂ ನಿಮ್ಮ ತಲೆಯೊಳಗೇ ಇದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಈ ವಿಷಯದ ಮೇಲೆ ಬರುವ ಎಷ್ಟೋ ಸಲಹೆಗಳು ಇಲ್ಲೇ ಎಡವುತ್ತವೆ. ಮೀಟಿಂಗ್‌ನಲ್ಲಿ ಯಾರ ಇಂಗ್ಲಿಷ್ ನಯವಾಗಿದೆಯೋ ಅವರಿಗೇ ವಿಷಯ ಗೊತ್ತು ಅಂತ ಎಲ್ಲರೂ ಅಂದುಕೊಳ್ಳುವ ಆಫೀಸಿನಲ್ಲಿ, ಕನ್ನಡ ಮಾಧ್ಯಮದವನಿಗೆ ಹೊರಗಿನವನು ಅನ್ನಿಸುವುದು ಸಹಜ. ಅದು ಆ ಆಫೀಸಿನ ದೋಷ. 'ಯಾವ ಕಾಲೇಜು? ಎಷ್ಟು ಅಟೆಂಪ್ಟ್?' ಅಂತ ಊಟದ ಟೇಬಲ್‌ನಲ್ಲಿ ಕೇಳುವವರು ಇದ್ದರೆ ಅದೂ ಹಾಗೇ. ಮೀಸಲಾತಿಯಲ್ಲಿ ಸೀಟು ಪಡೆದವರು, ಮನೆಯಲ್ಲಿ ಮೊದಲು ಓದಿದವರು, ಗಂಡಸರೇ ತುಂಬಿದ ಸೈಟಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ನನ್ನ ಬಳಿ ಬಂದಾಗ, 'ನಿಮಗೆ ಆತ್ಮವಿಶ್ವಾಸ ಕಡಿಮೆ' ಅಂತ ಹೇಳಿ ಕಳಿಸಿದರೆ ಅನ್ಯಾಯ. ಅವರಿಗೆ ದಿನವೂ ಯಾರೋ 'ನೀನು ಇಲ್ಲಿಯವನಲ್ಲ' ಅಂತ ನೆನಪಿಸುತ್ತಿರುತ್ತಾರೆ. ನಿಮ್ಮ ಅಳುಕಿನಲ್ಲಿ ಹೀಗೆ ಹೊರಗಿನಿಂದ ಬಂದ ಪಾಲು ಎಷ್ಟು ಅಂತ ನೋಡಿಕೊಳ್ಳಿ. ಒಂದು ಸುಲಭ ಪರೀಕ್ಷೆ ಇದೆ. ಕ್ಲೈಂಟ್ ದಾವಣಗೆರೆಯವರಾಗಿ, ಮಾತು ಕನ್ನಡದಲ್ಲೇ ನಡೆದಾಗಲೂ ಬಾಯಿ ಕಟ್ಟುತ್ತಾ? ಇಲ್ಲ ಅಂತಾದರೆ ತೊಂದರೆ ನಿಮ್ಮ ಅಕೌಂಟಿಂಗ್ ಜ್ಞಾನದ್ದಲ್ಲ, ಇಂಗ್ಲಿಷ್ ಮಾತಿನ ಅಭ್ಯಾಸದ್ದು. ಅದಕ್ಕೆ ಮೀಟಿಂಗ್‌ಗೆ ಮುಂಚೆ ಹೇಳಬೇಕಾದ ನಾಲ್ಕು ವಿಷಯ ಬರೆದುಕೊಂಡು, ಜೋರಾಗಿ ಒಂದು ಸಲ ಹೇಳಿ ನೋಡಿ. ಮಾತು ನಿಧಾನ ಆದರೂ ಪರವಾಗಿಲ್ಲ. ಲೆಕ್ಕ ಸರಿ ಇದ್ದವರು ನಿಧಾನ ಮಾತಾಡಿದರೆ ಕ್ಲೈಂಟ್ ಕೇಳುತ್ತಾರೆ.

ಎರಡನೇ ಭಯ, ನಿಜವಾಗಿ ಗೊತ್ತಿಲ್ಲದಿರುವುದು. ನೀವು ಫೈನಾನ್ಷಿಯಲ್ ಇನ್‌ಸ್ಟ್ರುಮೆಂಟ್ಸ್ ಗಟ್ಟಿ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದೀರಿ. ಅದನ್ನು ಓದಿ ನನಗೆ ಸಮಾಧಾನ ಆಯಿತು. 'ನನಗೆ ಏನೂ ಗೊತ್ತಿಲ್ಲ' ಅನ್ನುವುದು ಭಾವನೆ. 'ಆ ಭಾಗದ ಮಾನದಂಡ ಇಂಡ್ ಎಎಸ್ 109 ಗೊತ್ತಿಲ್ಲ' ಅನ್ನುವುದು ಮಾಹಿತಿ, ಅದಕ್ಕೆ ಪರಿಹಾರ ಇದೆ. ಓದಬಹುದು, ಕೋರ್ಸ್ ಮಾಡಬಹುದು, ಆ ಕೆಲಸ ಮಾಡಿದವರ ಪಕ್ಕ ಕೂರಬಹುದು. ನನ್ನ ಬಳಿ ಬರುವ ಸಿಎಗಳು ನಿಮ್ಮ ವೃತ್ತಿಯ ಮಾನದಂಡಗಳ ಬಗ್ಗೆ ಹೇಳಿದ್ದು ನೆನಪಿದೆ. ಆಡಿಟಿಂಗ್ ಮಾನದಂಡ ಎಸ್‌ಎ 620 ಇರುವುದೇ ತನಗೆ ಗೊತ್ತಿಲ್ಲದ ಕ್ಷೇತ್ರದ ತಜ್ಞರ ಕೆಲಸವನ್ನು ಆಡಿಟರ್ ಹೇಗೆ ಬಳಸಬೇಕು ಅಂತ ಹೇಳಲು. ಎಸ್‌ಎ 200 ಆಡಿಟರ್‌ನಿಂದ ಕೇಳುವುದು ಸಮಂಜಸವಾದ ಖಾತರಿಯನ್ನು. ಸಂಪೂರ್ಣ ಖಾತರಿ ಸಾಧ್ಯವಿಲ್ಲ ಅಂತ ಅದೇ ಒಪ್ಪಿಕೊಳ್ಳುತ್ತೆ. ನೀವು ನಿಮ್ಮಿಂದ ಕೇಳುತ್ತಿರುವುದು ಆ ಸಂಪೂರ್ಣ ಖಾತರಿಯನ್ನು.

ಅದೃಷ್ಟ ಮತ್ತು ಪ್ರೀತಿಯ ಮಾತನ್ನೂ ಒಂದು ಸಲ ಪರೀಕ್ಷೆಗೆ ಹಚ್ಚಿ. ಕ್ಲೈಂಟ್ ಬಂದು 'ಈ ಲಾಭವೆಲ್ಲ ಅದೃಷ್ಟದಿಂದ ಬಂತು' ಅಂದರೆ ನೀವು ದಾಖಲೆ ಕೇಳದೆ ಬಿಡುವುದಿಲ್ಲ. ನಿಮ್ಮ ಮನಸ್ಸು ಅದೇ ಮಾತು ಹೇಳಿದಾಗ ವೋಚರ್ ಕೇಳದೆ ಸಹಿ ಹಾಕಿಬಿಟ್ಟಿದ್ದೀರಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ಎರಡು ವರ್ಷದಲ್ಲಿ ನೀವು ನೋಡಿದ ಹತ್ತು ಫೈಲ್ ಆರಿಸಿ. ಕಷ್ಟವಾದವು, ಸುಲಭವಾದವು ಎರಡೂ ಇರಲಿ, ಬೇಕಾದ್ದನ್ನೇ ಆರಿಸಬೇಡಿ. ಪ್ರತಿಯೊಂದಕ್ಕೂ ಮೂರು ಸಾಲು ಬರೆಯಿರಿ: ರಿವ್ಯೂನಲ್ಲಿ ಯಾವ ತಪ್ಪು ಸಿಕ್ಕಿತು, ನೀವು ಯಾವ ತಪ್ಪು ಹಿಡಿದಿರಿ, ಎರಡನೇ ಮತ್ತು ಮೂರನೇ ಸಲ ನೋಡಿದಾಗ ಹೊಸದಾಗಿ ಏನು ಸಿಕ್ಕಿತು. ಕೊನೆಯ ಸಾಲೇ ಬಹಳ ಮುಖ್ಯ. ಮೂರನೇ ಸಲಕ್ಕೆ ಏನೂ ಸಿಗದಿದ್ದರೆ, ಅಷ್ಟು ರಾತ್ರಿಗಳು ಭಯಕ್ಕೆ ಹೋಗಿವೆ. ನಿಜವಾಗಿ ಏನಾದರೂ ಸಿಗುತ್ತಿದ್ದರೆ ಎಂಥ ಕಡೆ ಸಿಗುತ್ತಿದೆ ಅಂತ ಗೊತ್ತಾಗುತ್ತೆ. ನೀವು ಕಲಿಯಬೇಕಾದ್ದು ಅಲ್ಲೇ ಇದೆ.

ಇದಾದ ಮೇಲೆ ಒಂದು ಚಿಕ್ಕ, ಅಪಾಯ ಕಡಿಮೆ ಇರುವ ಫೈಲ್‌ನಲ್ಲಿ ಒಂದೇ ಸಲ ನೋಡಿ ಮುಗಿಸುವ ಅಭ್ಯಾಸ ಶುರು ಮಾಡಿ. ದೊಡ್ಡ ಕಂಪನಿಯ ಶಾಸನಬದ್ಧ ಆಡಿಟ್‌ನಲ್ಲಿ ಇದನ್ನು ಪ್ರಯೋಗ ಮಾಡಬೇಡಿ. ಮೊದಲ ಒಂದೆರಡು ವಾರ ಕಳವಳ ಜಾಸ್ತಿ ಆಗುತ್ತೆ, ಕಡಿಮೆ ಆಗುವುದಿಲ್ಲ. ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ತಡೆದುಕೊಂಡರೆ ಅದು ಇಳಿಯುತ್ತೆ.

ಮೂರನೇ ಭಯವನ್ನು ನಾನು ಸಮಾಧಾನ ಮಾಡಿ ಕಳಿಸುವುದಿಲ್ಲ. ಅದು ನ್ಯಾಯವಾದದ್ದು. ಪಾರ್ಟ್‌ನರ್ ಆದರೆ ಜವಾಬ್ದಾರಿಯ ಸ್ವರೂಪವೇ ಬದಲಾಗುತ್ತೆ. ನಿಮ್ಮ ಫರ್ಮ್ 1932ರ ಪಾಲುದಾರಿಕೆ ಕಾಯ್ದೆಯ ಕೆಳಗೆ ಇದ್ದರೆ, ನೀವು ಪಾರ್ಟ್‌ನರ್ ಆಗಿರುವಾಗ ಫರ್ಮ್ ಮಾಡಿದ ಕೆಲಸಕ್ಕೆ ಎಲ್ಲ ಪಾರ್ಟ್‌ನರ್‌ಗಳೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಆಗಿದ್ದರೆ, ಇನ್ನೊಬ್ಬ ಪಾರ್ಟ್‌ನರ್ ಮಾಡಿದ ತಪ್ಪಿಗೆ ನೀವು ವೈಯಕ್ತಿಕವಾಗಿ ಹೊಣೆಯಲ್ಲ. ಲಿಸ್ಟೆಡ್ ಕಂಪನಿಗಳ ಆಡಿಟ್ ಇದ್ದರೆ 2018ರಿಂದ ಆಡಿಟರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಎನ್‌ಎಫ್‌ಆರ್‌ಎ ಕೂಡ ಇದೆ. ವೃತ್ತಿಯಲ್ಲಿ ತಪ್ಪು ನಡೆದದ್ದು ಸಾಬೀತಾದರೆ ದಂಡದ ಜೊತೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ನಿಷೇಧ ಹಾಕುವ ಅಧಿಕಾರ ಅದಕ್ಕಿದೆ. ಇವನ್ನೆಲ್ಲ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಪತ್ರದಲ್ಲಿ ಇವುಗಳ ಮಾತೇ ಇಲ್ಲ, ಎಲ್ಲವೂ 'ನಾನು ಲಾಯಕ್ಕಿಲ್ಲ' ಅನ್ನುವುದಕ್ಕೆ ತಿರುಗಿದೆ. ಸೀನಿಯರ್ ಪ್ರೀತಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಿಮ್ಮ ಸಹಿ ತಪ್ಪಾದರೆ ಅವರ ಹೆಸರಿಗೂ, ಬಹುಶಃ ಅವರ ಆಸ್ತಿಗೂ ಪೆಟ್ಟು. ಬರೀ ಪ್ರೀತಿಗೆ ಯಾರೂ ಅಷ್ಟು ಅಪಾಯ ತೆಗೆದುಕೊಳ್ಳುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಈಗಲೇ ಒಪ್ಪಿಕೊಳ್ಳಬಹುದು. ಅದರ ಅಪಾಯ, ಮೂರು ಸಲ ನೋಡುವ ಅಭ್ಯಾಸ ಬಿಡದೆ ಹೋದರೆ ಒಂದೆರಡು ವರ್ಷದಲ್ಲಿ ನೀವು ಸುಸ್ತಾಗಿ ಬೀಳುವುದು. ಒಪ್ಪಿಕೊಳ್ಳದೆ ಈಗಿನ ಜಾಗದಲ್ಲೇ ಇರಬಹುದು. ಅದೂ ಗೌರವದ ಆಯ್ಕೆಯೇ. ಆದರೆ ಭಯಕ್ಕೆ ಬೇಡ ಅಂದರೆ ಮುಂದಿನ ಸಲ ಭಯ ಇನ್ನಷ್ಟು ಬಲವಾಗಿ ಬರುತ್ತೆ, ಮತ್ತು ನಿಮ್ಮ ಕೈಕೆಳಗಿನವರು ಪಾರ್ಟ್‌ನರ್ ಆಗುವುದನ್ನು ನೋಡುತ್ತಾ ಕೂರುವುದು ಸುಲಭ ಇರುವುದಿಲ್ಲ.

ನನ್ನ ಒಲವು ಮೂರನೆಯದರ ಕಡೆಗಿದೆ: ಷರತ್ತಿಟ್ಟು ಒಪ್ಪಿಕೊಳ್ಳುವುದು. ಮೊದಲ ವರ್ಷ ಯಾವ ಬಗೆಯ ಕ್ಲೈಂಟ್‌ಗಳಿಗೆ ಸಹಿ ಹಾಕುತ್ತೀರಿ, ಇಂಡ್ ಎಎಸ್ ಇರುವ ಫೈಲ್‌ಗಳಿಗೆ ಎರಡನೇ ಪಾರ್ಟ್‌ನರ್ ರಿವ್ಯೂ ಇರುತ್ತಾ, ವೃತ್ತಿಪರ ಹೊಣೆಯ ವಿಮೆ ಇದೆಯಾ, ನೀವು ಎಷ್ಟು ಬಂಡವಾಳ ಹಾಕಬೇಕು ಅಂತ ಕೇಳಿ. ಇವನ್ನು ಕೇಳಿದರೆ ಸೀನಿಯರ್‌ಗೆ ನೀವು ಅಳುಕುತ್ತಿದ್ದೀರಿ ಅನ್ನಿಸುವುದಿಲ್ಲ. ಕೆಲಸದ ತೂಕ ಅರ್ಥವಾಗಿದೆ ಅನ್ನಿಸುತ್ತೆ. 'ಸಾರ್, ಫೈನಾನ್ಷಿಯಲ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ನಾನಿನ್ನೂ ಕಲಿಯಬೇಕು' ಅಂತ ಹೇಳಿ. 'ನಾನು ನಿಮಗೆಲ್ಲ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತೆ' ಅನ್ನುವುದನ್ನು ಮಾತ್ರ ಸಂಬಳ ಮತ್ತು ಬಡ್ತಿ ನಿರ್ಧರಿಸುವವರ ಮುಂದೆ ಹೇಳಬೇಡಿ. ಎಲ್ಲ ಆಫೀಸಿನಲ್ಲೂ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದಿಲ್ಲ. ಅದನ್ನು ಹೇಳಿಕೊಳ್ಳಲು ನಿಮ್ಮ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ದಿನದ ಗೆಳೆಯರಿದ್ದಾರಲ್ಲ, ಅವರಲ್ಲಿ ಇಬ್ಬರು ಮೂವರನ್ನು ಹಿಡಿಯಿರಿ. ಕ್ಲಾನ್ಸ್ ಮತ್ತು ಐಮ್ಸ್ ಕೂಡ ಗುಂಪಿನಲ್ಲಿ ಕೂತು ಮಾತಾಡುವುದನ್ನೇ ಸೂಚಿಸಿದ್ದರು. ಬುದ್ಧಿವಂತರು ಅಂತ ನೀವು ನಂಬಿದವರ ಬಾಯಲ್ಲೇ ಇದೇ ಮಾತು ಬಂದಾಗ ಆಗುವ ಹಗುರ, ನಾನು ಹೇಳಿದರೆ ಆಗುವುದಿಲ್ಲ.

ಹಾವೇರಿಯ ಯೋಚನೆಯನ್ನು ಓಡಿಹೋಗುವುದು ಅಂತ ನಾನು ಕರೆಯುವುದಿಲ್ಲ. ಊರಲ್ಲಿ ಒಳ್ಳೆಯ ಸಿಎ ಬೇಕಾಗಿದ್ದಾರೆ, ಅಪ್ಪ ಅವ್ವ ಹತ್ತಿರ ಇರುತ್ತಾರೆ. ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪಾರ್ಟ್‌ನರ್ ಮಾತು ಬರುವ ಮುಂಚೆಯೂ ಊರಿಗೆ ಹೋಗುವ ಆಸೆ ಇತ್ತಾ? ಇದ್ದರೆ ಅದು ಆಸೆ, ಅದರ ಲೆಕ್ಕ ಬೇರೆ ಕೂತು ಹಾಕಿ. ಹೋದ ತಿಂಗಳೇ ಹುಟ್ಟಿದ್ದಾದರೆ ಸ್ವಲ್ಪ ಕಾಯಿರಿ. ಅಲ್ಲಿಯೂ ಟ್ಯಾಕ್ಸ್ ಆಡಿಟ್ ವರದಿ ಕೊಡುವ ಸೆಪ್ಟೆಂಬರ್ ಬರುತ್ತೆ, ಅದಕ್ಕೆ ನಿಮ್ಮದೇ ಸಹಿ ಬೇಕು, ಪಕ್ಕದ ರೂಮಿನಲ್ಲಿ ಕೇಳಲು ಸೀನಿಯರ್ ಇರುವುದಿಲ್ಲ. ಈ ಅಳುಕು ಬಸ್ಸು ಹತ್ತಿ ಜೊತೆಗೇ ಬರುತ್ತೆ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಪೋಸ್ಟರ್ ಭಾವನೆ ಕಾಯಿಲೆ ಅಲ್ಲದಿದ್ದರೂ, ಅದರ ಜೊತೆ ಆತಂಕ ಮತ್ತು ಖಿನ್ನತೆ ಬರುವುದು ಸಾಮಾನ್ಯ, ಅವು ಕಾಯಿಲೆಗಳು. ಒಂದು ತಿಂಗಳಿಂದ ನಿದ್ದೆ ಇಲ್ಲ ಅಂದಮೇಲೆ ಡಾಕ್ಟರ್‌ಗೆ ತೋರಿಸಿ. ಎದೆ ಢವಗುಟ್ಟುವುದು, ಸುಸ್ತು ಇದ್ದರೆ ಥೈರಾಯ್ಡ್ ಕೂಡ ನೋಡಿಸಿ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ನಿದ್ದೆಗಾಗಿ ಕುಡಿಯುವುದು ಶುರುವಾಗಿದ್ದರೆ, ಅಥವಾ ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ, ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇಂಪೋಸ್ಟರ್ ಭಾವನೆಗೇ ಅಂತ ಪರೀಕ್ಷಿಸಿದ ಚಿಕಿತ್ಸೆ 2020ರ ಆ ಪರಿಶೀಲನೆಯಲ್ಲಿ ಒಂದೂ ಸಿಕ್ಕಿರಲಿಲ್ಲ. 'ಮೂರು ದಿನದಲ್ಲಿ ಹೋಗಲಾಡಿಸುತ್ತೇವೆ' ಅನ್ನುವ ವರ್ಕ್‌ಶಾಪ್‌ಗಳಿಗೆ ದುಡ್ಡು ಸುರಿಯಬೇಡಿ. ಆತಂಕಕ್ಕೆ ನಾವು ಬಳಸುವ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಈ ಸುತ್ತನ್ನು ಮುರಿಯಲು ನೆರವಾಗುವುದನ್ನು ನಾನು ಕಂಡಿದ್ದೇನೆ. ಹೋಗುವುದಾದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಹೆಂಡತಿಗೆ ಈ ವಾರವೇ ಹೇಳಿ. ನೀವು ನಿದ್ದೆ ಮಾಡದಿರುವುದು ಅವರಿಗೆ ಗೊತ್ತಿಲ್ಲದೆ ಇರುವುದಿಲ್ಲ, ಕಾರಣ ಬೇರೇನೋ ಇರಬಹುದು ಅಂತ ಅವರೂ ಒಬ್ಬರೇ ಯೋಚಿಸುತ್ತಿರಬಹುದು. ಅದಲ್ಲದೆ ಬಂಡವಾಳ ಹಾಕುವುದು, ಸಾಲ, ಹೊಣೆ ಎಲ್ಲವೂ ಇಬ್ಬರ ಮನೆಯ ವಿಷಯ. ಸೀನಿಯರ್ ಹತ್ತಿರ ಪಾಲುದಾರಿಕೆ ಡೀಡ್‌ನ ಕರಡು ಕೇಳಿ ತನ್ನಿ. ಇಬ್ಬರೂ ಕೂತು ಓದಿ. ಹೊಣೆ ಮತ್ತು ಹೊರಬರುವ ಷರತ್ತುಗಳಿರುವ ಪುಟಗಳನ್ನು ಫರ್ಮ್‌ಗೆ ಸಂಬಂಧವಿಲ್ಲದ ವಕೀಲರೊಬ್ಬರಿಗೆ ತೋರಿಸಿದ ಮೇಲೆ ಸೀನಿಯರ್‌ಗೆ ಉತ್ತರ ಕೊಡಿ.